ಸುದ್ದಿ ಹೊರುವವರ ಹೊಣೆ



ಈ ಕಾಲೇಜಿನ ಉಪನ್ಯಾಸಕ್ಕೆ ದತ್ತಿ ಇಟ್ಟವರು ಒಂದು ಒಳ್ಳೆಯ ಷರತ್ತು ಹಾಕಿದ್ದಾರೆ. ಉಪನ್ಯಾಸ ಕೊಡಲು ಬಂದವರು ತಮ್ಮ ಕಸುಬಿನಲ್ಲಿ ಕಂಡುಂಡದ್ದನ್ನು ಮೊದಲು ಹೇಳಬೇಕು, ಓದಿ ತಿಳಿದದ್ದು ಅದಕ್ಕೆ ಒತ್ತಾಸೆಯಾಗಿ ಬರಬೇಕು. ನನ್ನ ಕಸುಬು ತಂತಿ ಕಚೇರಿಯದು. ನನ್ನ ತಂದೆ ಮಲೆನಾಡಿನಲ್ಲಿ ಅಂಚೆಪೇದೆಯಾಗಿದ್ದರು. ಹೀಗೆ ಎರಡು ತಲೆಮಾರು ನಾವು ಬೇರೆಯವರ ಸುದ್ದಿ ಹೊತ್ತು ಅನ್ನ ಉಂಡವರು.

ಇವತ್ತು ಕೈಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬರೂ ಸುದ್ದಿ ಹೊರುವವರೇ. ಬಂದದ್ದನ್ನು ಓದುತ್ತೇವೆ, ಮುಂದಕ್ಕೆ ಕಳಿಸುತ್ತೇವೆ. ಒಂದು ಕಾಲದಲ್ಲಿ ಕೆಲವೇ ಜನ ಸಂಬಳ ಪಡೆದು ಮಾಡುತ್ತಿದ್ದ ಕೆಲಸ ಈಗ ಊರಿಗೆಲ್ಲ ಬಂದಿದೆ. ಆದರೆ ಆ ಕೆಲಸಕ್ಕಿದ್ದ ಕಟ್ಟುಪಾಡು ಅದರ ಜೊತೆಗೆ ಬರಲಿಲ್ಲ. ನ್ಯಾಯವಾಗಿ ನಡೆದುಕೊಳ್ಳುವುದು ಎಂದರೆ ಎದುರಿಗೆ ಇರುವವರ ಜೊತೆ ಒಳ್ಳೆಯ ಮಾತಾಡುವುದು ಎಂದು ನಾವು ತಿಳಿದಿದ್ದೇವೆ. ಎದುರಿಗೆ ಇಲ್ಲದವರ ಸುದ್ದಿ ನಮ್ಮ ಕೈಗೆ ಬಂದಾಗ ಏನು ಮಾಡುತ್ತೇವೆ ಎಂಬುದು ಅದಕ್ಕಿಂತ ದೊಡ್ಡ ಪರೀಕ್ಷೆ. ಇವತ್ತು ನಾನು ಮಾತಾಡುವುದು ಇದೊಂದರ ಬಗ್ಗೆಯೇ.

ತಂದೆಯವರಿಂದ ಶುರು ಮಾಡುತ್ತೇನೆ. ಆಗ ಮನಿಯಾರ್ಡರ್ ಫಾರಂನ ಕೆಳಗೆ ಒಂದು ತುಂಡು ಇರುತ್ತಿತ್ತು. ಹಣ ಕಳಿಸಿದವರು ಅದರಲ್ಲಿ ನಾಲ್ಕು ಸಾಲು ಬರೆಯಬಹುದಿತ್ತು. ಬೊಂಬಾಯಿಯ ಹೋಟೆಲಿನಲ್ಲೋ ಬೆಂಗಳೂರಿನ ಕಾರ್ಖಾನೆಯಲ್ಲೋ ದುಡಿಯುವ ಮಗ ಆ ನಾಲ್ಕು ಸಾಲಿನಲ್ಲಿ ಇಡೀ ತಿಂಗಳ ಬದುಕನ್ನು ಹೇಳಬೇಕಾಗಿತ್ತು. ತಾಯಿಗೆ ಓದು ಬರಹ ಬಾರದು. ತಂದೆಯವರು ಜಗುಲಿಯ ಅಂಚಿನಲ್ಲಿ ಕುಳಿತು ಮೊದಲು ಹಣ ಎಣಿಸಿ ಕೊಡುತ್ತಿದ್ದರು, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು, ಆಮೇಲೆ ಆ ತುಂಡು ಓದುತ್ತಿದ್ದರು. ರಜೆಯಲ್ಲಿ ಅವರ ಜೊತೆ ಹೋದಾಗ ನಾನು ಕಂಡದ್ದು: ಓದುವ ಮೊದಲು ಅವರು ಒಮ್ಮೆ ಕಣ್ಣಾಡಿಸಿ, ಆಮೇಲೆ ಜಗುಲಿಯ ಮೇಲೆ ಯಾರ‍್ಯಾರು ಇದ್ದಾರೆ ಎಂದು ನೋಡುತ್ತಿದ್ದರು. ಒಂದು ಸಲ ಪಕ್ಕದ ಮನೆಯ ಇಬ್ಬರು ಅಲ್ಲೇ ಅಡಿಕೆ ಸುಲಿಯುತ್ತ ಕುಳಿತಿದ್ದರು. ತಂದೆಯವರು, “ಅಮ್ಮ, ಒಂದು ಚೊಂಬು ನೀರು ಬೇಕಿತ್ತು” ಎಂದು ಅಡಿಗೆಮನೆಯ ಬಾಗಿಲವರೆಗೂ ಹೋಗಿ, ಅಲ್ಲಿ ನಿಂತು ಆ ಸಾಲುಗಳನ್ನು ಓದಿ ಬಂದರು. ದಾರಿಯಲ್ಲಿ, “ಏನು ಬರೆದಿದ್ದ ಅಪ್ಪಯ್ಯ?” ಎಂದು ಕೇಳಿದೆ. “ಅದು ನಿನಗೆ ಬಂದ ಕಾಗದ ಅಲ್ಲ” ಎಂದರು. ಅಷ್ಟೇ. ಬೈಗುಳ ಇಲ್ಲ, ಉಪದೇಶ ಇಲ್ಲ.

ಆ ಊರಿನ ಸಾಲ, ಜಗಳ, ಮುರಿದುಬಿದ್ದ ಸಂಬಂಧ, ಕೋರ್ಟಿನ ನೋಟೀಸು ಎಲ್ಲವೂ ಅವರ ಖಾಕಿ ಚೀಲದಲ್ಲಿ ಹಾದುಹೋಗಿವೆ. ಅಂಚೆಕಾರ್ಡು ಯಾರು ಬೇಕಾದರೂ ಓದಬಹುದಾದದ್ದು, ಅದಕ್ಕೆ ಲಕೋಟೆಯ ಮರೆ ಇಲ್ಲ. 1879ರಲ್ಲಿ ಕಾಲಾಣೆಯ ಕಾರ್ಡು ನಮ್ಮ ದೇಶಕ್ಕೆ ಬಂದಂದಿನಿಂದ ಬಡವರ ಗುಟ್ಟುಗಳೆಲ್ಲ ಹೀಗೆ ತೆರೆದ ಕಾಗದದಲ್ಲೇ ಓಡಾಡಿದವು. ಆ ಗುಟ್ಟಿಗೆ ಇದ್ದ ಲಕೋಟೆ ಎಂದರೆ ಹೊರುವವನ ಬಾಯಿ. ಎಲ್ಲ ಅಂಚೆಯವರೂ ಹೀಗಿದ್ದರು ಎಂದು ನಾನು ಹೇಳುವುದಿಲ್ಲ. ಊರ ಸುದ್ದಿಯನ್ನು ಊರಿಗೇ ಹಂಚಿದವರೂ ಇದ್ದರು. ಅಂಥವರ ಮೇಲೆ ದೂರು ಹೋಗುತ್ತಿತ್ತು, ವಿಚಾರಣೆ ಆಗುತ್ತಿತ್ತು. ತಪ್ಪನ್ನು ತಪ್ಪು ಎನ್ನಲು ಒಂದು ಅಳತೆ ಇತ್ತು.

ನಾನು ತಂತಿ ಕಚೇರಿಗೆ ಸೇರಿದಾಗ ಆ ಅಳತೆ ಇನ್ನೂ ಬಿಗಿಯಾಗಿ ಕಂಡಿತು. 1850ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಮೊದಲ ತಂತಿ ಎಳೆದ ಮೇಲೆ ಈ ದೇಶದಲ್ಲಿ ಸುದ್ದಿ ಮನುಷ್ಯನಿಗಿಂತ ವೇಗವಾಗಿ ಓಡಲು ಕಲಿಯಿತು. ಅದರ ವೇಗಕ್ಕೆ ತಕ್ಕ ಎಚ್ಚರವನ್ನೂ ಕಟ್ಟಲಾಯಿತು. ತಂತಿಯ ಫಾರಂನ ಮೇಲ್ಸಾಲಿನಲ್ಲಿ ಅದು ಹೊರಟ ಕಚೇರಿ, ತಾರೀಖು, ವೇಳೆ ಇರಲೇಬೇಕು. ಜೊತೆಗೆ ಪದಗಳ ಸಂಖ್ಯೆ. ಮೋರ್ಸ್ ಯಂತ್ರದ ಕಟಕಟ ಸದ್ದನ್ನು ಕೇಳಿ ಅಕ್ಷರಕ್ಕೆ ಇಳಿಸಿದ ಮೇಲೆ ನಾವು ಮೊದಲು ಮಾಡುತ್ತಿದ್ದ ಕೆಲಸ ಪದ ಎಣಿಸುವುದು. ಮೇಲ್ಸಾಲಿನಲ್ಲಿ ಹದಿನಾಲ್ಕು ಎಂದಿದ್ದು ಕೆಳಗೆ ಹದಿಮೂರು ಬಂದರೆ ಆ ತಂತಿ ಮೇಜು ಬಿಟ್ಟು ಕದಲುತ್ತಿರಲಿಲ್ಲ. ಹಿಂದಿನ ಕಚೇರಿಯನ್ನು ಕೇಳಬೇಕು, ತಪ್ಪಿಹೋದ ಪದ ಯಾವುದು ಎಂದು ತಿಳಿಯಬೇಕು, ಆಮೇಲೆ ಮುಂದಿನ ಮಾತು. ಆಷಾಢದ ಮಳೆಯಲ್ಲಿ ಮರ ಬಿದ್ದು ತಂತಿ ಕಡಿದುಹೋದಾಗ ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಆ ಕಾಯುವಿಕೆಗೆ ಕಾರಣವಿತ್ತು. ಇಂಗ್ಲಿಷಿನ ಒಂದು ‘ನಾಟ್’ ಬಿಟ್ಟುಹೋದರೆ ಬರುವುದಿಲ್ಲ ಎಂದವನು ಬರುತ್ತಾನೆ ಎಂದಾಗುತ್ತದೆ, ಮದುವೆಯ ಮನೆಯವರು ಸ್ಟೇಷನ್ನಿಗೆ ಗಾಡಿ ಕಳಿಸುತ್ತಾರೆ. ಒಂದು ಪದದ ಹಿಂದೆ ಒಂದು ಮನೆ ಇದೆ ಎಂಬುದನ್ನು ಮೇಜಿನ ಮುಂದೆ ಕುಳಿತವನು ಮರೆಯಕೂಡದು.

1885ರ ತಂತಿ ಕಾಯ್ದೆಯಲ್ಲಿ ಇದಕ್ಕೆ ಶಿಕ್ಷೆಯೂ ಇತ್ತು. ಸುದ್ದಿಯನ್ನು ತಿದ್ದಿದ, ಅಥವಾ ಹೇಳಬಾರದವರಿಗೆ ಹೇಳಿದ ನೌಕರನಿಗೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದಿತ್ತು. ಕಣ್ತಪ್ಪಿನಿಂದ ತನ್ನ ಕೈಸೇರಿದ ಬೇರೆಯವರ ತಂತಿಯನ್ನು ಬೇಕೆಂದೇ ಇಟ್ಟುಕೊಂಡರೆ ಸಾರ್ವಜನಿಕರಿಗೂ ಅದು ಅಪರಾಧವೇ. ಆಳುವವರ ಅನುಕೂಲಕ್ಕೆ ಬ್ರಿಟಿಷರು ಮಾಡಿದ ಕಾನೂನು ಅದು, ಜನರ ಮಾತನ್ನು ಕದ್ದು ಕೇಳುವ ಅಧಿಕಾರವನ್ನು ಅದೇ ಕಾನೂನು ಸರ್ಕಾರಕ್ಕೆ ಕೊಟ್ಟಿತ್ತು ಎಂಬುದನ್ನು ನಾನು ಬಲ್ಲೆ. ಆದರೂ ಮೇಜಿನ ಮುಂದೆ ಕುಳಿತ ನಮಗೆ ಅದು ಕಲಿಸಿದ್ದು ಒಂದೇ ಮಾತು: ಈ ಸುದ್ದಿ ನಿನ್ನದಲ್ಲ.

2013ರ ಜುಲೈ ಮಧ್ಯದಲ್ಲಿ ತಂತಿ ಸೇವೆ ನಿಂತಿತು. ಕೊನೆಯ ದಿನ ದೇಶದ ಎಷ್ಟೋ ಊರುಗಳಲ್ಲಿ ಜನ ಸಾಲುಗಟ್ಟಿ ನೆನಪಿಗೆಂದು ತಂತಿ ಕಳಿಸಿದರು. ನನಗೆ ಅದರ ಬಗ್ಗೆ ದುಃಖವೇನೂ ಇಲ್ಲ. ಮಗಳು ಹೊರದೇಶದಲ್ಲಿದ್ದಾಳೆ, ಪ್ರತಿ ಸಂಜೆ ಮೊಮ್ಮಗನ ಮುಖ ನೋಡುತ್ತೇನೆ. ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ಯಂತ್ರ ಹೋದರೆ ಹೋಗಲಿ, ಪದ ಎಣಿಸುವ ಅಭ್ಯಾಸ ಹೋದದ್ದು ನನ್ನನ್ನು ಕಾಡುತ್ತದೆ.

ತಂತಿ ನಿಲ್ಲುವ ಹಿಂದಿನ ವರ್ಷವೇ, 2012ರ ಆಗಸ್ಟಿನಲ್ಲಿ, ಬೆಂಗಳೂರಿನಲ್ಲಿ ಆ ಅಭ್ಯಾಸ ಹೋದದ್ದರ ಫಲ ಕಂಡೆ. ಅಸ್ಸಾಮಿನ ಕೋಕ್ರಝಾರ್ ಕಡೆ ಗಲಭೆಯಾಗಿತ್ತು. ರಂಜಾನ್ ಮುಗಿಯುತ್ತಲೇ ಈಶಾನ್ಯದವರ ಮೇಲೆ ಇಲ್ಲಿಯೂ ದಾಳಿ ನಡೆಯುತ್ತದೆ ಎಂಬ ಮಾತು ಎಸ್ಸೆಮ್ಮೆಸ್ಸುಗಳಲ್ಲಿ ಹರಿದಾಡಿತು. ನಾವಿದ್ದ ಕಟ್ಟಡದ ಕಾವಲಿಗೆ ಅಸ್ಸಾಮಿನ ಹುಡುಗನೊಬ್ಬ ಇದ್ದ. ಸ್ವಾತಂತ್ರ್ಯ ದಿನದ ಮಾರನೆಯ ಬೆಳಿಗ್ಗೆ ಬೆನ್ನಿಗೆ ಒಂದು ಚೀಲ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದ. ತನ್ನ ಫೋನು ತೆಗೆದು ಹಿಂದಿಯಲ್ಲಿದ್ದ ಆ ಸಂದೇಶ ತೋರಿಸಿದ. ಯಾರು ಕಳಿಸಿದ್ದು ಎಂದು ಕೇಳಿದೆ. ಗೆಳೆಯ. ಅವನಿಗೆ ಯಾರು? ಗೊತ್ತಿಲ್ಲ, ಸಾಬ್. ಹೊರಟ ಊರಿಲ್ಲ, ವೇಳೆ ಇಲ್ಲ, ಕಳಿಸಿದವರ ಹೆಸರಿಲ್ಲ. ಅರ್ಧ ತಿಂಗಳ ಸಂಬಳ ಬಿಟ್ಟು ಅವನು ಹೊರಟುಹೋದ. ಆ ದಿನಗಳಲ್ಲಿ ಬೆಂಗಳೂರಿನ ರೈಲು ನಿಲ್ದಾಣದಿಂದ ಗುವಾಹಾಟಿಗೆ ವಿಶೇಷ ರೈಲುಗಳು ಹೊರಟವು, ಸಾವಿರಾರು ಜನ ಹೋದರು. ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರು ಅಭಯ ಕೊಟ್ಟರು, ಪೊಲೀಸರು ಬೀದಿ ಬೀದಿ ತಿರುಗಿ ಧೈರ್ಯ ಹೇಳಿದರು. ಕೇಂದ್ರ ಸರ್ಕಾರ ಒಂದು ಫೋನಿನಿಂದ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂಬ ಮಿತಿಯನ್ನು ಹದಿನೈದು ದಿನಕ್ಕೆಂದು ಹೇರಿತು, ಆಮೇಲೆ ಅದನ್ನು ಇಪ್ಪತ್ತಕ್ಕೆ ಏರಿಸಿತು.

ಆ ಸಂದೇಶಗಳನ್ನು ಮುಂದಕ್ಕೆ ಕಳಿಸಿದವರಲ್ಲಿ ಬಹುಪಾಲು ಜನ ಕೆಟ್ಟವರಲ್ಲ. ಅಣ್ಣನಿಗೆ, ಗೆಳತಿಗೆ, ಊರಿನವರಿಗೆ ಏನೂ ಆಗದಿರಲಿ ಎಂಬ ಕಳವಳದಿಂದಲೇ ಕಳಿಸಿದರು. ಅದೇ ಇದರ ಕಷ್ಟದ ಭಾಗ. ದ್ವೇಷಕ್ಕಿಂತ ಕಾಳಜಿಯೇ ಸುಳ್ಳನ್ನು ಹೆಚ್ಚು ದೂರ ಹೊರುತ್ತದೆ. ಆ ಕಾಳಜಿಯಲ್ಲಿ ಒಬ್ಬರನ್ನು ಮಾತ್ರ ಮರೆಯುತ್ತೇವೆ: ಆ ಸಂದೇಶ ಯಾರನ್ನು ಅಪರಾಧಿ ಎನ್ನುತ್ತದೋ ಅವರನ್ನು. ಅವತ್ತು ನನ್ನ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟ ಮುಸಲ್ಮಾನರೊಬ್ಬರು ತಮ್ಮ ಹಳೆಯ ಗಿರಾಕಿಗಳ ಕಣ್ಣಲ್ಲಿ ಅನುಮಾನ ಕಂಡು ಮಧ್ಯಾಹ್ನವೇ ಬಾಗಿಲು ಹಾಕಿಕೊಂಡು ಹೋದರು. ಅವರನ್ನು ಕೇಳಿದವರು ಯಾರು?

ಆರು ವರ್ಷದ ಮೇಲೆ ಇದಕ್ಕಿಂತ ಘೋರವಾದದ್ದು ನಡೆಯಿತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶಗಳು ದೇಶದ ಉದ್ದಗಲಕ್ಕೂ ಹಬ್ಬಿದ್ದವು. ಅವುಗಳ ಜೊತೆ ಒಂದು ವಿಡಿಯೋ. ಬೈಕಿನಲ್ಲಿ ಬಂದ ಇಬ್ಬರು, ಬೀದಿಯಲ್ಲಿ ಆಡುವ ಮಕ್ಕಳಲ್ಲಿ ಒಂದನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ತಂದೆತಾಯಿಯರನ್ನು ಎಚ್ಚರಿಸಲು ಮಾಡಿದ ಜಾಗೃತಿ ಚಿತ್ರ. ಅದರ ಕೊನೆಯಲ್ಲಿ ಅದೇ ಬೈಕು ತಿರುಗಿ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಬರಹವನ್ನು ಎತ್ತಿ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದದ್ದನ್ನು ಲಕ್ಷಾಂತರ ಕೈಗಳು ಹೊತ್ತವು. ಪದ ಎಣಿಸುವ ನಮ್ಮ ಮೇಜಿನ ಮೇಲೆ ಅದು ಅಲ್ಲಿಗೇ ನಿಲ್ಲುತ್ತಿತ್ತು.

ಆ ವರ್ಷ ಜುಲೈ 13ರಂದು ಹೈದರಾಬಾದಿನ ಕೆಲವು ಯುವಕರು ಬೀದರ್ ಜಿಲ್ಲೆಗೆ ಬಂದಿದ್ದರು. ಜೊತೆಯಲ್ಲಿ ಕತಾರಿನಿಂದ ಬಂದ ಗೆಳೆಯನೂ ಇದ್ದ. ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಚಾಕಲೇಟು ಕೊಟ್ಟರು. ಅಷ್ಟಕ್ಕೆ ಅನುಮಾನ ಹುಟ್ಟಿತು, ವಾಗ್ವಾದವಾಯಿತು, ಹೆದರಿ ಕಾರು ಹತ್ತಿ ಹೊರಟರು. ಕಾರಿಗಿಂತ ಮೊದಲು ಸುದ್ದಿ ಮುರ್ಕಿ ಗ್ರಾಮ ತಲುಪಿತ್ತು. ಫೋನಿನ ಗುಂಪುಗಳಲ್ಲಿ ಅವರ ಚಿತ್ರ ಬಂದಾಗಿತ್ತು. ರಸ್ತೆಗೆ ಅಡ್ಡ ಹಾಕಿದ್ದರು. ಕಾರು ಉರುಳಿತು. ಜನ ಮುಗಿಬಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ಯುವಕ, ಇಂಜಿನಿಯರ್, ಅಲ್ಲಿಯೇ ಪ್ರಾಣ ಬಿಟ್ಟ. ಆಮೇಲೆ ಬಂಧನಗಳಾದವು, ಮೊಕದ್ದಮೆ ನಡೆಯಿತು. ನಾಲ್ಕೇ ದಿನಕ್ಕೆ ಸುಪ್ರೀಂ ಕೋರ್ಟು ಬೇರೆ ಅರ್ಜಿಗಳ ಮೇಲೆ ತೀರ್ಪು ಕೊಡುತ್ತ, ಗುಂಪುಹತ್ಯೆಗಳನ್ನು ತಡೆಯಲು ಜಿಲ್ಲೆಗೊಬ್ಬ ಹೊಣೆಗಾರ ಪೊಲೀಸ್ ಅಧಿಕಾರಿ ಬೇಕೆಂಬ ನಿರ್ದೇಶನ ಕೊಟ್ಟಿತು.

ಈ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ನಡುವಿನ ಹೊತ್ತು. ಕಾರು ಒಂದು ಊರಿನಿಂದ ಇನ್ನೊಂದು ಊರಿಗೆ ಓಡುವಷ್ಟು ಹೊತ್ತು. ಅಷ್ಟರಲ್ಲಿ ಆ ಯುವಕರ ಮೇಲೆ ಆರೋಪ ಬಂತು, ವಿಚಾರಣೆಯಿಲ್ಲದೆ ತೀರ್ಮಾನವೂ ಆಯಿತು. ಎರಡೂ ಕಡೆಯ ಮಾತು ಕೇಳದೆ ತೀರ್ಪು ಕೊಡಬಾರದು ಎಂಬುದು ನಮ್ಮ ಊರ ಪಂಚಾಯ್ತಿಕಟ್ಟೆಗೂ ಗೊತ್ತು, ನ್ಯಾಯಾಲಯಕ್ಕೂ ಗೊತ್ತು. ಆದರೆ ಫೋನಿನ ಗುಂಪಿನಲ್ಲಿ ಆರೋಪಿಗೆ ಜಾಗವೇ ಇರುವುದಿಲ್ಲ. ಅವನು ಆ ಗುಂಪಿನ ಸದಸ್ಯನಲ್ಲ. ತನ್ನ ಮೇಲೆ ದೂರು ಇದೆ ಎಂಬುದೇ ಅವನಿಗೆ ಗೊತ್ತಿಲ್ಲ. ಅಂಥವನ ಪರವಾಗಿ ಒಂದು ಪ್ರಶ್ನೆ ಕೇಳಬಲ್ಲವರು ಯಾರಾದರೂ ಇದ್ದರೆ ಅದು ಸಂದೇಶ ಪಡೆದವರು ಮಾತ್ರ. ಅವರು ಕೇಳದಿದ್ದರೆ ಇನ್ನಾರೂ ಇಲ್ಲ.

ಅದೇ ವರ್ಷ ವಾಟ್ಸಾಪಿನವರು ಫಾರ್ವರ್ಡ್ ಆದ ಸಂದೇಶಕ್ಕೆ ಗುರುತು ಹಾಕಿದರು, ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಎಂದರು, 2020ರಲ್ಲಿ ಬಹಳ ಸಲ ಕೈಬದಲಾದದ್ದನ್ನು ಒಮ್ಮೆಗೆ ಒಂದೇ ಕಡೆಗೆ ಎಂದರು. ಒಳ್ಳೆಯದೇ ಆಯಿತು. ಆದರೆ ಯಂತ್ರ ವೇಗ ತಗ್ಗಿಸಬಹುದು, ಪ್ರಶ್ನೆ ಕೇಳಲಾರದು.

ಕೊಲೆಯವರೆಗೆ ಹೋಗದ ಅನ್ಯಾಯಗಳ ಬಗ್ಗೆಯೂ ಹೇಳಬೇಕು, ನಾವು ದಿನಾ ಬದುಕುವುದು ಅವುಗಳ ನಡುವೆ. ಮೊಮ್ಮಗಳು ಓದುವ ಶಾಲೆಯಲ್ಲಿ ಪೋಷಕರ ಗುಂಪಿಗೆ ಶುಲ್ಕ ಬಾಕಿ ಇರುವ ಮಕ್ಕಳ ಪಟ್ಟಿ ಬಂತು. ಹೆಸರು, ತರಗತಿ, ಬಾಕಿ ಮೊತ್ತ. ಕಟ್ಟದವರಿಗೆ ನೆನಪಿಸಲು ಸುಲಭ ಎಂದು ಹಾಕಿದ್ದಂತೆ. ಪಟ್ಟಿಯಲ್ಲಿದ್ದ ಒಬ್ಬ ತಂದೆ ಆಟೋ ಓಡಿಸುತ್ತಾರೆ. ಅವರ ಹೆಂಡತಿಗೆ ಆ ತಿಂಗಳು ಆಪರೇಷನ್ ಆಗಿತ್ತು. ಮಾರನೆಯ ದಿನ ಅವರ ಮಗಳಿಗೆ ತರಗತಿಯಲ್ಲಿ ಮಕ್ಕಳು ಆ ಮೊತ್ತವನ್ನು ಪೈಸೆ ಸಮೇತ ಹೇಳಿ ತೋರಿಸಿದರು. ಒಂದು ಚೀಟಿಯನ್ನು ಮಡಚಿ ಆ ತಂದೆಯ ಕೈಗೆ ಕೊಡಬಹುದಿತ್ತು. ಹಣ ಕೇಳುವ ಹಕ್ಕು ಶಾಲೆಗೆ ಇದೆ, ಅದನ್ನು ನಾನು ಒಪ್ಪುತ್ತೇನೆ. ಕೇಳಬೇಕಾದದ್ದು ಕೊಡಬೇಕಾದವರನ್ನು. ಅದು ಉಳಿದವರಿಗೆ ಬಂದ ಕಾಗದ ಅಲ್ಲ.

ನೀಲಿ ಗೀಟು ಬಿತ್ತು, ಆದರೂ ಉತ್ತರ ಬರಲಿಲ್ಲ ಎಂದು ಮುನಿಸಿಕೊಳ್ಳುವುದು, ಇಬ್ಬರ ನಡುವಿನ ಮಾತನ್ನು ಸ್ಕ್ರೀನ್‌ಶಾಟ್ ತೆಗೆದು ಮೂರನೆಯವರಿಗೆ ತೋರಿಸುವುದು, ಹೇಳದೆ ಕೇಳದೆ ಫೋನಿನ ಮಾತು ಮುದ್ರಿಸಿಕೊಳ್ಳುವುದು, ಇವೆಲ್ಲ ಈಗ ಯಾರಿಗೂ ವಿಶೇಷವಾಗಿ ಕಾಣುವುದಿಲ್ಲ. ನಮ್ಮ ರಾಜ್ಯದಲ್ಲಿ 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪಕ್ಕೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನವನ್ನೇ ಬಿಡಬೇಕಾಯಿತು. ಇಬ್ಬರ ಮಾತಿಗೆ ಮೂರನೆಯವರು ಕಿವಿಗೊಟ್ಟರು ಎಂಬುದು ಒಂದು ಸರ್ಕಾರ ಅಲುಗಾಡುವಷ್ಟು ದೊಡ್ಡ ತಪ್ಪಾಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ಕಡಿವಾಣ ಹಾಕಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆ ಅರ್ಜಿ ಹಾಕಿದರು. ಅವರನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. ಆದರೆ ಆ ತೀರ್ಪು ಮುಖ್ಯವಾಗಿ ಸರ್ಕಾರದ ಕೈ ಹಿಡಿಯುವಂಥದು. ಅಕ್ಕಪಕ್ಕದವರ ಗುಟ್ಟನ್ನು ನಾವು ನಾವೇ ಹೊರಗೆಳೆಯುವಾಗ ಕೋರ್ಟು ಪ್ರತಿ ಮನೆಯ ಬಾಗಿಲಿಗೆ ಬರಲಾರದು.

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬೇಕು, ಕೇಳುತ್ತೀರಿ ಎಂದು ನಂಬಿದ್ದೇನೆ. ಹಾಗಾದರೆ ಅನ್ಯಾಯ ಕಂಡಾಗಲೂ ಬಾಯಿ ಮುಚ್ಚಿಕೊಂಡು ಇರಬೇಕೆ? ಖಂಡಿತ ಇಲ್ಲ. ಮಲದ ಗುಂಡಿಗೆ ಮನುಷ್ಯನನ್ನು ಇಳಿಸಿದ ವಿಡಿಯೋ, ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ವಿಡಿಯೋ, ಲಂಚ ಕೇಳಿದ ಮಾತು, ಇವು ಹೊರಗೆ ಬಂದದ್ದೇ ಸಾಮಾನ್ಯರ ಕೈಗೆ ಫೋನು ಬಂದದ್ದರಿಂದ. ನನ್ನ ತಂದೆಯವರ ಕಾಲದಲ್ಲಿ ಇಂಥ ದೂರು ತಾಲ್ಲೂಕು ಕಚೇರಿಯ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ದುರ್ಬಲರ ಕೈಯ ಫೋನನ್ನು ಕಸಿಯುವ ಯಾವ ಮಾತಿಗೂ ನಾನು ದನಿಗೂಡಿಸುವುದಿಲ್ಲ. ನೋಡಬೇಕಾದದ್ದು ಆ ಸುದ್ದಿ ಯಾರ ವಿಳಾಸಕ್ಕೆ ಹೋಗುತ್ತಿದೆ, ಅದರಿಂದ ಯಾರ ಮುಖ ಬಯಲಾಗುತ್ತಿದೆ ಎಂಬುದನ್ನು. ಅಧಿಕಾರ ಇರುವವರ ತಪ್ಪು ತೋರಿಸುವಾಗ ತಪ್ಪಿಗೆ ಒಳಗಾದವರ ಮುಖವನ್ನು ಏಕೆ ಬಯಲು ಮಾಡಬೇಕು? 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿನ ಅಪಘಾತಕ್ಕೆ ಸಿಕ್ಕ ಹದಿನೆಂಟರ ಹುಡುಗ ರಸ್ತೆಯಲ್ಲಿ ರಕ್ತ ಸುರಿಸುತ್ತ ಬೇಡಿಕೊಳ್ಳುತ್ತಿದ್ದಾಗ ಸುತ್ತ ನಿಂತವರು ಫೋನು ಹಿಡಿದಿದ್ದರು. ಆ ಚಿತ್ರ ಯಾರ ವಿಳಾಸಕ್ಕೆ? ಅವನಿಗೆ ಬೇಕಾದದ್ದು ಆಂಬುಲೆನ್ಸು, ಇಬ್ಬರ ಹೆಗಲು.

ತುರ್ತು ಇದ್ದಾಗ ವಿಚಾರಿಸುತ್ತ ಕೂರಲು ಆಗುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ, ಮಕ್ಕಂದೂರು, ಜೋಡುಪಾಲದ ಕಡೆ ಜನ ಸಿಕ್ಕಿಬಿದ್ದಿದ್ದಾಗ, ಎಲ್ಲಿ ಯಾರಿದ್ದಾರೆ ಎಂಬುದನ್ನು ಫೋನಿನ ಗುಂಪುಗಳು ನಿಮಿಷಗಳಲ್ಲಿ ತಲುಪಿಸಿದವು. ನಮ್ಮ ತಂತಿ ಆ ಮಳೆಯಲ್ಲಿ ಕಡಿದು ಬಿದ್ದಿರುತ್ತಿತ್ತು. ಆದರೆ ಇಂಥ ಹೊತ್ತಿನಲ್ಲಿ ಹೊರಟ ಎಷ್ಟೋ ಸಂದೇಶಗಳು ಕೆಲಸ ಮುಗಿದ ಮೇಲೂ ಓಡುತ್ತಲೇ ಇರುತ್ತವೆ. ಯಾವುದೋ ಊರಿನ ಮಗುವಿಗೆ ರಕ್ತ ಬೇಕು ಎಂಬ ಮನವಿ ವರ್ಷವಾದ ಮೇಲೆ ಬರುತ್ತದೆ, ಕೆಳಗಿರುವ ನಂಬರಿಗೆ ಜನ ಕರೆ ಮಾಡುತ್ತಾರೆ. ಆ ಮಗು ಉಳಿದಿದೆಯೋ ಇಲ್ಲವೋ. ಆ ತಂದೆತಾಯಿಗೆ ಪ್ರತಿ ಕರೆಯೂ ಏನಾಗಿ ಕೇಳುತ್ತದೆ ಎಂದು ಯೋಚಿಸಿ.

ಇದಕ್ಕೆ ದೊಡ್ಡ ಕಾನೂನು ಬೇಕಿಲ್ಲ. ಹಳೆಯ ತಂತಿ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಾಗಿದೆ, ಅದು ತನ್ನ ಕೆಲಸ ಮಾಡಲಿ. ನಾನು ಕೇಳುವುದು ನಮ್ಮ ಹಳೆಯ ಫಾರಂನ ಮೇಲ್ಸಾಲು. ನಮ್ಮ ಬೀದಿಯ ಗುಂಪಿನಲ್ಲಿ ಹೋದ ವರ್ಷದಿಂದ ಅದನ್ನು ಪಾಲಿಸುತ್ತಿದ್ದೇವೆ. ಸಹಾಯ ಕೇಳುವ ಅಥವಾ ಎಚ್ಚರಿಕೆ ಕೊಡುವ ಸಂದೇಶ ಹಾಕುವವರು ಮೊದಲ ಸಾಲಿನಲ್ಲಿ ಊರು, ತಾರೀಖು, ವೇಳೆ, ತಾವು ಖುದ್ದು ವಿಚಾರಿಸಿದ ವ್ಯಕ್ತಿಯ ಹೆಸರು ಬರೆಯಬೇಕು. ಯಾರ ಮೇಲಾದರೂ ದೂರು ಇದ್ದರೆ ಅವರನ್ನು ಕೇಳಿದ್ದೀರಾ ಎಂದು ಯಾರು ಬೇಕಾದರೂ ಕೇಳಬಹುದು, ಕೇಳಿದವರ ಮೇಲೆ ಬೇಸರ ಮಾಡಿಕೊಳ್ಳುವಂತಿಲ್ಲ. ಸಂದೇಶಗಳು ಕಡಿಮೆಯಾಗಿವೆ, ಬರುವವುಗಳನ್ನು ಜನ ನಂಬುತ್ತಾರೆ. ಎರಡು ಸಲ ರಕ್ತಕ್ಕೆ ಕೇಳಿದಾಗ ಕೊಡುವವರು ಅರ್ಧ ಗಂಟೆಯೊಳಗೆ ಸಿಕ್ಕಿದರು.

ಒಂದು ಕೆಲಸ ಮಾತ್ರ ನಮ್ಮ ಕೈಯಲ್ಲಿ ಇನ್ನೂ ಆಗಿಲ್ಲ. ರಕ್ತ ಸಿಕ್ಕಿತು, ಕಳೆದುಹೋದ ಹುಡುಗ ಮನೆಗೆ ಬಂದ, ಆ ಮನುಷ್ಯ ಕಳ್ಳನಲ್ಲ ಎಂಬ ಎರಡನೆಯ ಸುದ್ದಿ ಮೊದಲನೆಯದು ಹೋದ ಕಡೆಗೆಲ್ಲ ಹೋಗುವಂತೆ ಮಾಡುವುದು ಹೇಗೆ? ಮೊದಲನೆಯದನ್ನು ಹೊತ್ತವರ ಪಟ್ಟಿ ನಮ್ಮ ಬಳಿ ಇರುವುದಿಲ್ಲ. ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳು ಈ ಸಭೆಯಲ್ಲಿ ಅನೇಕರು ಇದ್ದೀರಿ. ಖಾಸಗಿತನಕ್ಕೆ ಧಕ್ಕೆಯಾಗದೆ ಇದನ್ನು ಮಾಡುವ ದಾರಿ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಚಹಾದ ಹೊತ್ತಿನಲ್ಲಿ ನನ್ನ ಜೊತೆ ಮಾತಾಡಿ, ಸಂಜೆಯ ಬಸ್ಸಿನವರೆಗೂ ನಾನು ಇಲ್ಲೇ ಇರುತ್ತೇನೆ.